ಅಡುಗೆ ಉಪ್ಪಿನಲ್ಲಿ ಸಯನೈಡ್ ಇದೆಯೇ? ಫಾರ್ವರ್ಡ್ ಹೇಳದೇ ಬಿಟ್ಟ ರಾಸಾಯನಿಕ ಬಂಧದ ಕಥೆ

ಉಪ್ಪಿನ ಪ್ಯಾಕೆಟ್ ತಿರುಗಿಸಿ ನೋಡಿ, ಅದರಲ್ಲಿ 536 ಎಂಬ ಸಂಖ್ಯೆ ಇದ್ದರೆ ನೀವು ದಿನವೂ ತಿನ್ನುತ್ತಿರುವುದು ಸಯನೈಡ್, ಇದರಿಂದ ಕ್ಯಾನ್ಸರ್ ಬರುತ್ತದೆ, ಕೂಡಲೇ ಸೈಂಧವ ಲವಣಕ್ಕೆ ಬದಲಾಯಿಸಿ. ಈ ಅರ್ಥದ ಸಂದೇಶ ನಿಮ್ಮ ಮನೆಯ ವಾಟ್ಸಾಪ್ ಗುಂಪಿಗೂ ಬಂದಿರಬಹುದು. 2019ರಲ್ಲಿ ಇದು ಪತ್ರಿಕೆ, ಟಿವಿಗಳಲ್ಲೂ ದೊಡ್ಡ ಸುದ್ದಿಯಾಗಿತ್ತು. ಆಗ ಆಹಾರ ಸುರಕ್ಷತೆ ಪ್ರಾಧಿಕಾರ ಸ್ಪಷ್ಟನೆ ಕೊಟ್ಟಿತು, ಗದ್ದಲ ತಣ್ಣಗಾಯಿತು. ಸಂದೇಶ ಮಾತ್ರ ಇಂದಿಗೂ ಹೊಸ ಹೊಸ ಫೋಟೋ ಹಾಕಿಕೊಂಡು ಸುತ್ತುತ್ತಲೇ ಇದೆ.

ಅವಸರದಲ್ಲಿರುವವರಿಗೆ ಚಿಕ್ಕ ಉತ್ತರ: ಪ್ಯಾಕೆಟ್ ಮೇಲೆ 536 ಇರುವುದು ನಿಜ. ಅದರ ಹೆಸರು ಪೊಟ್ಯಾಸಿಯಂ ಫೆರೋಸಯನೈಡ್ ಎಂಬುದೂ ನಿಜ. ಆ ಹೆಸರಿನೊಳಗೆ ಸಯನೈಡ್ ಇದೆ ಎಂಬುದೂ ನಿಜ. ಆದರೆ ಅದು ಸಯನೈಡ್ ವಿಷದಂತೆ ವರ್ತಿಸುತ್ತದೆ ಎಂಬುದು ಸುಳ್ಳು.

ಮೂರು ನಿಜದ ಜೊತೆ ಒಂದು ಸುಳ್ಳನ್ನು ಸೇರಿಸಿದರೆ ಆ ಸುಳ್ಳು ಬಹಳ ಗಟ್ಟಿಯಾಗಿ ನಿಲ್ಲುತ್ತದೆ. ಅದನ್ನು ಬಿಡಿಸಲು "ವಿಜ್ಞಾನಿಗಳು ಇಲ್ಲ ಎಂದಿದ್ದಾರೆ" ಎಂದರೆ ಸಾಲದು. ಒಂದು ವಸ್ತುವಿನಲ್ಲಿ ಏನೇನಿದೆ ಎಂಬುದಕ್ಕಿಂತ ಅವು ಹೇಗೆ ಕೂಡಿಕೊಂಡಿವೆ ಎಂಬುದೇ ಅದರ ಗುಣವನ್ನು ಏಕೆ ನಿರ್ಧರಿಸುತ್ತದೆ ಎಂದು ನೋಡಬೇಕು. ಶಾಲೆಯಲ್ಲಿ ರಾಸಾಯನಿಕ ಬಂಧ ಎಂಬ ಪಾಠ ಓದಿದ್ದೆವಲ್ಲ, ಅಂಕಕ್ಕಾಗಿ ಬಾಯಿಪಾಠ ಮಾಡಿ ಮರೆತದ್ದು, ಈಗ ಉಪ್ಪಿನ ಡಬ್ಬಿಯ ಮುಂದೆ ಕೆಲಸಕ್ಕೆ ಬರುವುದು ಅದೇ.

ಉಪ್ಪೇ ಮೊದಲ ಸಾಕ್ಷಿ

ಫಾರ್ವರ್ಡ್ ಬರೆದವರ ತರ್ಕವನ್ನೇ ಒಪ್ಪಿಕೊಳ್ಳೋಣ. ಹೆಸರಿನಲ್ಲಿ ವಿಷವಿದ್ದರೆ ವಸ್ತುವೂ ವಿಷ ಎನ್ನುವುದಾದರೆ 536ರವರೆಗೆ ಹೋಗಬೇಕಾಗಿಯೇ ಇಲ್ಲ, ಉಪ್ಪೇ ಸಿಕ್ಕಿಬೀಳುತ್ತದೆ. ಉಪ್ಪಿನ ರಾಸಾಯನಿಕ ಹೆಸರು ಸೋಡಿಯಂ ಕ್ಲೋರೈಡ್. ಸೋಡಿಯಂ ಎಂಬುದು ಚಾಕುವಿನಿಂದ ಕತ್ತರಿಸಬಹುದಾದಷ್ಟು ಮೆತ್ತನೆಯ ಲೋಹ. ಗಾಳಿ, ನೀರು ತಾಗದಂತೆ ಪ್ರಯೋಗಾಲಯದಲ್ಲಿ ಸೀಮೆಎಣ್ಣೆಯಲ್ಲಿ ಮುಳುಗಿಸಿಡುತ್ತಾರೆ. ನೀರಿಗೆ ಬಿದ್ದರೆ ಉರಿದು ಸಿಡಿಯುತ್ತದೆ. ಕ್ಲೋರಿನ್ ಹಸಿರು ಹಳದಿ ಬಣ್ಣದ ವಿಷಾನಿಲ. ಮೊದಲ ಮಹಾಯುದ್ಧದಲ್ಲಿ, 1915ರ ಏಪ್ರಿಲ್ 22ರಂದು, ಬೆಲ್ಜಿಯಂನ ಈಪ್ರ ಎಂಬಲ್ಲಿ ಜರ್ಮನ್ ಸೇನೆ ಎದುರಾಳಿಗಳ ಮೇಲೆ ಬಿಟ್ಟದ್ದು ಇದನ್ನೇ. ಇವೆರಡೂ ಸೇರಿದ ವಸ್ತುವನ್ನು ನಾವು ಮಜ್ಜಿಗೆಗೆ ಹಾಕಿಕೊಂಡು ಕುಡಿಯುತ್ತೇವೆ.

ಇದು ಹೇಗೆ ಸಾಧ್ಯ? ಸೋಡಿಯಂ ಪರಮಾಣುವಿನಲ್ಲಿ 11 ಎಲೆಕ್ಟ್ರಾನ್‌ಗಳಿವೆ. ಹತ್ತು ಒಳಗಿನ ಕವಚಗಳಲ್ಲಿ ಭದ್ರವಾಗಿವೆ, ಹೊರಗೆ ಒಂದೇ ಒಂದು ಒಂಟಿ. ಸೋಡಿಯಂನ ಎಲ್ಲ ರಂಪಾಟವೂ ಆ ಒಂಟಿ ಎಲೆಕ್ಟ್ರಾನನ್ನು ಯಾರಿಗಾದರೂ ದಾಟಿಸಿಬಿಡುವ ಆತುರ. ಕ್ಲೋರಿನ್‌ನದು ತದ್ವಿರುದ್ಧ ಕಥೆ. ಅದರ ಹೊರಕವಚದಲ್ಲಿ ಏಳು ಇವೆ, ಎಂಟು ಬೇಕು. ಆ ಒಂದನ್ನು ಎಲ್ಲಿಂದಾದರೂ ಕಿತ್ತುಕೊಳ್ಳುವ ಹಸಿವೇ ಅದನ್ನು ವಿಷವಾಗಿಸುತ್ತದೆ. ಶ್ವಾಸಕೋಶದ ಒದ್ದೆ ಪದರ ಸಿಕ್ಕರೆ ಅಲ್ಲೇ ಸುಡುತ್ತದೆ. ಇವೆರಡೂ ಎದುರಾದಾಗ ಕೊಡುವವನು ಕೊಟ್ಟ, ಪಡೆಯುವವನು ಪಡೆದ. ಈಗ ಸೋಡಿಯಂ ಮೇಲೆ ಧನ ವಿದ್ಯುದಂಶ, ಕ್ಲೋರಿನ್ ಮೇಲೆ ಋಣ ವಿದ್ಯುದಂಶ. ಇಂಥ ವಿದ್ಯುದಂಶ ಹೊತ್ತ ಕಣಕ್ಕೆ ಅಯಾನು ಎಂದು ಹೆಸರು. ವಿರುದ್ಧ ವಿದ್ಯುದಂಶಗಳು ಪರಸ್ಪರ ಸೆಳೆದು ಅಂಟಿ ನಿಲ್ಲುವುದೇ ಅಯಾನಿಕ ಬಂಧ. ಆತುರವೂ ಮುಗಿಯಿತು, ಹಸಿವೂ ತೀರಿತು. ಉಪ್ಪಿನಲ್ಲಿ ಸೋಡಿಯಂ ಲೋಹವೂ ಇಲ್ಲ, ಕ್ಲೋರಿನ್ ಅನಿಲವೂ ಇಲ್ಲ. ಇರುವುದು ಅವುಗಳ ಶಾಂತವಾದ ಅಯಾನುಗಳು.

ಉಪ್ಪಿನ ಹರಳಿನಲ್ಲಿ ಒಂದು ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್ ಅಯಾನುಗಳು ನಿಂತಿರುತ್ತವೆ: ಮೇಲೆ, ಕೆಳಗೆ, ನಾಲ್ಕು ಬದಿಗೆ. ಹಾಗೆಯೇ ಒಂದು ಕ್ಲೋರೈಡ್ ಸುತ್ತ ಆರು ಸೋಡಿಯಂ. ಹರಳುಪ್ಪನ್ನು ಭೂತಗನ್ನಡಿಯಲ್ಲಿ ನೋಡಿದರೆ ಚೌಕಾಕಾರ ಕಾಣುವುದು ಇದೇ ಜೋಡಣೆಯಿಂದ. ಈ ಆರರ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಬಂಧ ಬದಲಾದರೆ ಗುಣ ಎಷ್ಟು ಬದಲಾಗುತ್ತದೆ ಎಂಬುದನ್ನು ಅಡುಗೆಮನೆಯಲ್ಲೇ ನೋಡಬಹುದು. ಕಾದ ಕಬ್ಬಿಣದ ಬಾಣಲೆಯ ಒಂದು ಬದಿಗೆ ಸಕ್ಕರೆ, ಇನ್ನೊಂದು ಬದಿಗೆ ಉಪ್ಪು ಹಾಕಿ. ಸಕ್ಕರೆ ಸ್ವಲ್ಪ ಹೊತ್ತಿಗೆ ಕರಗಿ, ಕಂದಾಗಿ, ಆಮೇಲೆ ಕರಕಲಾಗುತ್ತದೆ. ಉಪ್ಪು ಅಲುಗುವುದಿಲ್ಲ, ಅದು ಕರಗಲು 801 ಡಿಗ್ರಿ ಸೆಲ್ಸಿಯಸ್ ಬೇಕು. ಸಕ್ಕರೆಯಲ್ಲಿ ಇಂಗಾಲ, ಹೈಡ್ರೋಜನ್, ಆಮ್ಲಜನಕಗಳು ಎಲೆಕ್ಟ್ರಾನ್‌ಗಳನ್ನು ಹಂಚಿಕೊಂಡು ಕೂಡಿರುತ್ತವೆ, ಅದು ಸಹವೇಲೆನ್ಸೀಯ ಬಂಧ. ಅಣುವಿನೊಳಗೆ ಈ ಬಂಧ ಗಟ್ಟಿಯಾದರೂ ಒಂದು ಅಣುವಿಗೂ ಪಕ್ಕದ ಅಣುವಿಗೂ ನಡುವಿನ ಹಿಡಿತ ಸಡಿಲ. ಅದಕ್ಕೇ ಸಾಧಾರಣ ಬಿಸಿಗೆ ಸೋಲುತ್ತದೆ. ಹರಳುಪ್ಪು ಬಾಣಲೆಯಲ್ಲಿ ಚಟಪಟ ಸಿಡಿಯುತ್ತದಲ್ಲ ಎನ್ನಬಹುದು. ಅದು ಬಂಧ ಕಡಿದ ಸದ್ದಲ್ಲ, ಹರಳಿನೊಳಗೆ ಸಿಕ್ಕಿಕೊಂಡ ನೀರು ಆವಿಯಾಗಿ ಒಡೆದು ಬರುವ ಸದ್ದು. ಇನ್ನು ಬಾಣಲೆಯ ಕಬ್ಬಿಣದ್ದು ಮೂರನೆಯ ಬಗೆ, ಲೋಹೀಯ ಬಂಧ. ಅಲ್ಲಿ ಎಲೆಕ್ಟ್ರಾನ್‌ಗಳು ಯಾರೊಬ್ಬರ ಸ್ವತ್ತೂ ಅಲ್ಲ, ಊರ ಕೆರೆಯ ನೀರಿನ ಹಾಗೆ ಎಲ್ಲರದ್ದು. ಹಾಗಾಗಿಯೇ ಕಬ್ಬಿಣ ಸುತ್ತಿಗೆಯ ಪೆಟ್ಟಿಗೆ ತಗಡಾಗುತ್ತದೆ, ಉಪ್ಪು ಅದೇ ಪೆಟ್ಟಿಗೆ ಪುಡಿಯಾಗುತ್ತದೆ.

ಸಯನೈಡ್ ಕೊಲ್ಲುವುದು ಹೇಗೆ?

ಈಗ ಆರೋಪಿಯ ಕಡೆ ಬರೋಣ. ಸಯನೈಡ್ ಎಂದರೆ ಒಂದು ಇಂಗಾಲ ಮತ್ತು ಒಂದು ಸಾರಜನಕ ಮೂರೆಳೆ ಬಂಧದಿಂದ ಗಟ್ಟಿಯಾಗಿ ಕೂಡಿಕೊಂಡ ಜೋಡಿ, ಮೇಲೊಂದು ಋಣ ವಿದ್ಯುದಂಶ. ಪತ್ತೇದಾರಿ ಕಾದಂಬರಿಗಳಲ್ಲಿ ಬರುವ ಪೊಟ್ಯಾಸಿಯಂ ಸಯನೈಡ್‌ನಲ್ಲಿ ಈ ಜೋಡಿ ಪೊಟ್ಯಾಸಿಯಂ ಜೊತೆ ಅಯಾನಿಕ ಬಂಧದಲ್ಲಿರುತ್ತದೆ, ನಮ್ಮ ಉಪ್ಪಿನ ಹಾಗೆಯೇ. ಉಪ್ಪು ನೀರಿನಲ್ಲಿ ಹೇಗೆ ಕ್ಷಣದಲ್ಲಿ ಕರಗಿ ಅಯಾನುಗಳಾಗಿ ಬೇರ್ಪಡುತ್ತದೆಯೋ ಇದೂ ಹಾಗೆಯೇ. ಬಾಯಿಗೆ ಬಿದ್ದೊಡನೆ ಸಯನೈಡ್ ಸ್ವತಂತ್ರ.

ಸ್ವತಂತ್ರವಾದ ಸಯನೈಡ್ ಹುಡುಕುವುದು ಕಬ್ಬಿಣವನ್ನು. ನಮ್ಮ ಜೀವಕೋಶಗಳಲ್ಲಿ ಆಮ್ಲಜನಕವನ್ನು ಬಳಸಿ ಶಕ್ತಿ ತೆಗೆಯುವ ಒಂದು ಕಿಣ್ವವಿದೆ. ಅದರ ನಡುಮಧ್ಯೆ ಒಂದು ಕಬ್ಬಿಣದ ಪರಮಾಣು ಕೂತಿದೆ. ಸಯನೈಡ್ ಹೋಗಿ ಅದನ್ನು ಹಿಡಿದುಕೊಂಡರೆ ಕಿಣ್ವದ ಕೆಲಸ ನಿಲ್ಲುತ್ತದೆ. ರಕ್ತದಲ್ಲಿ ಆಮ್ಲಜನಕ ತುಂಬಿದ್ದರೂ ಕೋಶಗಳಿಗೆ ಅದನ್ನು ಬಳಸಲಾಗುವುದಿಲ್ಲ. ಅನ್ನದ ಪಾತ್ರೆ ಎದುರಿಗಿದ್ದು ಕೈ ಕಟ್ಟಿಹಾಕಿದಂತೆ. ಮಿದುಳು, ಹೃದಯ ಮೊದಲು ಸೋಲುತ್ತವೆ.

ಅಂದರೆ ಸಯನೈಡ್ ವಿಷವಾಗಿರುವುದು ಕಬ್ಬಿಣದ ಮೇಲೆ ಅದಕ್ಕಿರುವ ಬಿಡಲಾರದ ಮೋಹದಿಂದ. ಫೆರೋಸಯನೈಡ್ ಎಂಬ ಹೆಸರಿನ ಮೊದಲರ್ಧ ನೋಡಿ: ಫೆರೋ. ಲ್ಯಾಟಿನ್ ಭಾಷೆಯಲ್ಲಿ ಕಬ್ಬಿಣಕ್ಕೆ ಫೆರಮ್ ಎನ್ನುತ್ತಾರೆ, ಅದರಿಂದ ಬಂದ ಹೆಸರು. ಒಂದು ಕಬ್ಬಿಣದ ಪರಮಾಣುವನ್ನು ಆರು ಸಯನೈಡ್‌ಗಳು ಈಗಾಗಲೇ ಸುತ್ತುವರಿದು ಹಿಡಿದುಕೊಂಡು ನಿಂತಿವೆ. ಹುಡುಕುತ್ತಿದ್ದದ್ದು ಸಿಕ್ಕಾಗಿದೆ. ನಮ್ಮ ಕಿಣ್ವದ ಕಬ್ಬಿಣವನ್ನು ಹಿಡಿಯಲು ಅವಕ್ಕೆ ಕೈ ಖಾಲಿ ಇಲ್ಲ.

ಈ ಹಿಡಿತ ಎಂಥದ್ದು? ಪ್ರತಿ ಸಯನೈಡ್ ತನ್ನ ಇಂಗಾಲದ ತುದಿಯಿಂದ ಒಂದು ಜೊತೆ ಎಲೆಕ್ಟ್ರಾನ್‌ಗಳನ್ನು ಕಬ್ಬಿಣಕ್ಕೆ ಕೊಡುತ್ತದೆ, ಕಬ್ಬಿಣ ಪ್ರತಿಯಾಗಿ ತನ್ನಲ್ಲಿರುವ ಎಲೆಕ್ಟ್ರಾನ್‌ಗಳಲ್ಲಿ ಸ್ವಲ್ಪ ಪಾಲು ವಾಪಸು ಕೊಡುತ್ತದೆ. ಕೊಡುವುದು ತರುವುದು ಎರಡೂ ಇರುವ ನಂಟಸ್ತಿಕೆ ಗಟ್ಟಿ ಎನ್ನುತ್ತಾರಲ್ಲ, ಹಾಗೆ. ಇಂಥದ್ದಕ್ಕೆ ಕೋಆರ್ಡಿನೇಟ್ ಬಂಧ ಎನ್ನುತ್ತಾರೆ. ಈ ಕೂಟ ಎಷ್ಟು ಸ್ಥಿರ ಎಂದು ಅಳೆಯುವ ಸ್ಥಿರಾಂಕವೊಂದಿದೆ. ಫೆರೋಸಯನೈಡ್‌ಗೆ ಅದು 1ರ ಮುಂದೆ 30ಕ್ಕೂ ಹೆಚ್ಚು ಸೊನ್ನೆ ಹಾಕಿದಷ್ಟು ದೊಡ್ಡ ಸಂಖ್ಯೆ.

"ಆದರೆ ಅದೂ ನೀರಿನಲ್ಲಿ ಕರಗುತ್ತದಲ್ಲ?" ಎಂದು ಕೇಳಬಹುದು. ಕರಗುತ್ತದೆ. ಕರಗಿದಾಗ ಬೇರ್ಪಡುವುದು ಹೊರಗಿರುವ ನಾಲ್ಕು ಪೊಟ್ಯಾಸಿಯಂ ಮಾತ್ರ, ಏಕೆಂದರೆ ಅವುಗಳದು ಅಯಾನಿಕ ಬಂಧ. ಒಳಗಿನ ಕಬ್ಬಿಣ ಮತ್ತು ಆರು ಸಯನೈಡ್‌ಗಳ ಕೂಟ ಒಂದೇ ಅಯಾನಾಗಿ ಇಡಿಯಾಗಿ ಉಳಿಯುತ್ತದೆ. ಮಳೆ ಬಂದರೆ ಜಾತ್ರೆಯ ಜನ ಚದುರುತ್ತಾರೆ, ಪಲ್ಲಕ್ಕಿಗೆ ಹೆಗಲು ಕೊಟ್ಟವರು ಬಿಟ್ಟು ಓಡುವುದಿಲ್ಲ. ಹೀಗೆ ಇಡಿಯಾಗಿರುವ ಅಯಾನು ಕರುಳಿನಲ್ಲಿ ಹೀರಿಕೆಯಾಗುವುದೂ ಕಡಿಮೆ, ಹೆಚ್ಚಿನದು ಹಾಗೆಯೇ ಹೊರಹೋಗುತ್ತದೆ.

ಪಿಯುಸಿಯಲ್ಲಿ ವಿಜ್ಞಾನ ಓದಿದವರು ಈ ವಸ್ತುವನ್ನು ಕೈಯಾರೆ ಬಳಸಿಯೇ ಇರುತ್ತಾರೆ. ಲವಣ ಪರೀಕ್ಷೆಯಲ್ಲಿ ಕಬ್ಬಿಣ ಇದೆಯೇ ಎಂದು ನೋಡಲು ತಿಳಿಹಳದಿ ದ್ರಾವಣದ ಎರಡು ಹನಿ ಹಾಕಿದೊಡನೆ ಕಡುನೀಲಿ ಬಣ್ಣ ಬರುತ್ತಿತ್ತಲ್ಲ, ಆ ಹನಿಗಳು ಪೊಟ್ಯಾಸಿಯಂ ಫೆರೋಸಯನೈಡ್. ಆ ನೀಲಿಯ ಹೆಸರು ಪ್ರಷ್ಯನ್ ಬ್ಲೂ, 18ನೇ ಶತಮಾನದ ಆರಂಭದಲ್ಲಿ ಬರ್ಲಿನ್‌ನಲ್ಲಿ ಬಣ್ಣ ತಯಾರಿಸುವವರ ಕೈಗೆ ಆಕಸ್ಮಿಕವಾಗಿ ಸಿಕ್ಕಿದ್ದು. 1782ರಲ್ಲಿ ಸ್ವೀಡನ್ನಿನ ಕಾರ್ಲ್ ಶೀಲೆ ಈ ನೀಲಿಯನ್ನು ಆಮ್ಲದ ಜೊತೆ ಕಾಯಿಸಿ ಸಯನೈಡ್‌ನ ಆಮ್ಲವನ್ನು ಬೇರ್ಪಡಿಸಿದ. ಸಯನೈಡ್ ಎಂಬ ಹೆಸರೇ ನೀಲಿ ಎಂಬರ್ಥದ ಗ್ರೀಕ್ ಪದದಿಂದ ಬಂದದ್ದು. ಅಂದರೆ ನಿರುಪದ್ರವಿ ಬಣ್ಣ ಮೊದಲು ಸಿಕ್ಕಿತು, ವಿಷ ಅದರಿಂದ ಆಮೇಲೆ ಹೊರಬಂತು, ಹೆಸರು ಎರಡಕ್ಕೂ ಅಂಟಿಕೊಂಡಿತು.

ಇದೇ ಪ್ರಷ್ಯನ್ ಬ್ಲೂ ಇಂದು ಔಷಧಿ. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾ ನಗರದಲ್ಲಿ, ಪಾಳುಬಿದ್ದ ಚಿಕಿತ್ಸಾಲಯವೊಂದರ ಯಂತ್ರದಿಂದ ಕದ್ದ ವಿಕಿರಣಶೀಲ ಸೀಸಿಯಂ ಗುಜರಿ ಅಂಗಡಿಯ ಮೂಲಕ ಜನರ ಕೈಸೇರಿ ದುರಂತವಾಯಿತು. ಆಗ ಸಂತ್ರಸ್ತರ ದೇಹದಿಂದ ಸೀಸಿಯಂ ಹೊರತೆಗೆಯಲು ವೈದ್ಯರು ನುಂಗಿಸಿದ್ದು ಪ್ರಷ್ಯನ್ ಬ್ಲೂ. ಇಂಥ ಚಿಕಿತ್ಸೆಯಲ್ಲಿ ವಯಸ್ಕರಿಗೆ ಕೊಡುವ ಸಾಮಾನ್ಯ ಪ್ರಮಾಣ ಹೊತ್ತಿಗೆ 3 ಗ್ರಾಂನಂತೆ ದಿನಕ್ಕೆ 9 ಗ್ರಾಂ. ಕಬ್ಬಿಣ ಹಿಡಿದಿಟ್ಟ ಸಯನೈಡ್ ತುಂಬಿರುವ ವಸ್ತು ಇದು, ಗ್ರಾಂಗಟ್ಟಲೆ.

ಪ್ರಮಾಣದ ಲೆಕ್ಕ

ನಮ್ಮ ಉಪ್ಪಿನಲ್ಲಿ ಎಷ್ಟಿದೆ? ಭಾರತದ ನಿಯಮದ ಪ್ರಕಾರ ಒಂದು ಕಿಲೋ ಉಪ್ಪಿನಲ್ಲಿ ಗರಿಷ್ಠ 10 ಮಿಲಿಗ್ರಾಂ ಇರಬಹುದು. ಅಂತರರಾಷ್ಟ್ರೀಯ ಆಹಾರ ಮಾನದಂಡ ಸಂಸ್ಥೆಯಾದ ಕೋಡೆಕ್ಸ್‌ನ ಮಿತಿ 14 ಮಿಲಿಗ್ರಾಂ. ನಮ್ಮದು ಅದಕ್ಕಿಂತ ಬಿಗಿ. ಒಬ್ಬರು ದಿನಕ್ಕೆ 10 ಗ್ರಾಂ ಉಪ್ಪು ತಿನ್ನುತ್ತಾರೆ ಎಂದಿಟ್ಟುಕೊಳ್ಳಿ (ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಂಗಿಂತ ಕಡಿಮೆ, ನಮ್ಮ ಉಪ್ಪಿನಕಾಯಿ, ಹಪ್ಪಳ ಅದನ್ನು ಕೇಳಬೇಕಲ್ಲ). ಆಗ ಹೊಟ್ಟೆಗೆ ಹೋಗುವ ಫೆರೋಸಯನೈಡ್ 0.1 ಮಿಲಿಗ್ರಾಂ.

ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಇದನ್ನು ಹೊಸದಾಗಿ ಪರಿಶೀಲಿಸಿ, ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.03 ಮಿಲಿಗ್ರಾಂವರೆಗೆ ಜೀವನಪೂರ್ತಿ ಸೇವಿಸಿದರೂ ತೊಂದರೆಯಿಲ್ಲ ಎಂದಿತು. ಕ್ಯಾನ್ಸರ್‌ನ ಆತಂಕಕ್ಕೂ ಕಾರಣ ಕಾಣಲಿಲ್ಲ. 60 ಕಿಲೋ ತೂಗುವವರಿಗೆ ಅದು 1.8 ಮಿಲಿಗ್ರಾಂ. ಆ ಮಿತಿ ಮುಟ್ಟಬೇಕಾದರೆ ದಿನವೂ 180 ಗ್ರಾಂಗೂ ಹೆಚ್ಚು ಉಪ್ಪು ತಿನ್ನಬೇಕು. ಅಷ್ಟು ಉಪ್ಪನ್ನು ಒಂದೇ ದಿನ ತಿಂದರೆ ಫೆರೋಸಯನೈಡ್ ಏನಾದರೂ ಮಾಡುವ ಮೊದಲು ಉಪ್ಪೇ ಪ್ರಾಣ ತೆಗೆದೀತು.

ಅತಿ ಕೆಟ್ಟ ಕಲ್ಪನೆಯನ್ನೂ ಮಾಡಿ ನೋಡೋಣ. ಯಾವುದೋ ಮಾಯದಿಂದ ಎಲ್ಲ ಬಂಧಗಳೂ ಕಡಿದು ಸಯನೈಡ್ ಪೂರ್ತಿ ಹೊರಬಂತು ಎನ್ನಿ. ತೂಕದಲ್ಲಿ ಸುಮಾರು ಅರ್ಧ ಭಾಗ ಸಯನೈಡ್, ಅಂದರೆ ಸುಮಾರು 0.05 ಮಿಲಿಗ್ರಾಂ. ಪ್ರಾಣಾಪಾಯ ತರುವ ಪ್ರಮಾಣ ದೇಹತೂಕದ ಕಿಲೋಗೆ ಸುಮಾರು ಅರ್ಧ ಮಿಲಿಗ್ರಾಂನಿಂದ ಶುರು, 60 ಕಿಲೋಗೆ 30 ಮಿಲಿಗ್ರಾಂ. ಆರುನೂರು ಪಟ್ಟು ವ್ಯತ್ಯಾಸ. ಇಷ್ಟು ಚೂರುಪಾರನ್ನು ನಿರ್ವಿಷಗೊಳಿಸುವ ಕಿಣ್ವ ನಮ್ಮ ಯಕೃತ್ತಿನಲ್ಲಿಯೇ ಇದೆ. ಅಂದಹಾಗೆ ಸಿಗರೇಟಿನ ಹೊಗೆಯಲ್ಲಿ ನಿಜವಾದ, ಬಂಧಮುಕ್ತ ಹೈಡ್ರೋಜನ್ ಸಯನೈಡ್ ಇದೆ. ಒಂದು ಕೈಯಲ್ಲಿ ಸಿಗರೇಟು ಹಿಡಿದು ಇನ್ನೊಂದರಲ್ಲಿ ಉಪ್ಪಿನ ಫಾರ್ವರ್ಡ್ ಒತ್ತುವವರನ್ನು ಏನೆನ್ನುವುದು!

ಒಗ್ಗರಣೆಯ ಬಿಸಿಗೆ ಬಂಧ ಕಡಿಯುವುದಿಲ್ಲವೇ?

ಫಾರ್ವರ್ಡ್‌ನ ಎರಡನೆಯ ಆವೃತ್ತಿ ಇನ್ನೂ ಜಾಣತನದ್ದು. ತಣ್ಣಗಿದ್ದಾಗ ಪರವಾಗಿಲ್ಲ, ಅಡುಗೆಯ ಬಿಸಿಗೂ ಹುಣಸೆಹಣ್ಣಿನ ಹುಳಿಗೂ ಸಯನೈಡ್ ಬಿಡುಗಡೆಯಾಗುತ್ತದೆ ಎನ್ನುತ್ತದೆ ಅದು. ಇದನ್ನು ತಳ್ಳಿಹಾಕುವಂತಿಲ್ಲ. ಫೆರೋಸಯನೈಡ್‌ನಿಂದ ಸಯನೈಡ್ ಹೊರತೆಗೆಯಬಹುದು, ಶೀಲೆ ಮಾಡಿದ್ದು ಅಂಥದ್ದನ್ನೇ. ಆದರೆ ಅದಕ್ಕೆ ಸಲ್ಫ್ಯೂರಿಕ್ ಆಮ್ಲದಂಥ ಬಲವಾದ ಆಮ್ಲದಲ್ಲಿ ಕುದಿಸಬೇಕು, ಇಲ್ಲವೇ 400 ಡಿಗ್ರಿ ಆಸುಪಾಸಿನವರೆಗೆ ಕಾಯಿಸಬೇಕು. ಸಾರು ಕುದಿಯುವುದು 100 ಡಿಗ್ರಿಯಲ್ಲಿ. ಬೋಂಡಾ ಕರಿಯುವ ಎಣ್ಣೆ 180 ಡಿಗ್ರಿಯ ಆಚೀಚೆ. ಹುಣಸೆ, ನಿಂಬೆಗಳ ಆಮ್ಲ ದುರ್ಬಲ. ಹೊಟ್ಟೆಯ ಹೈಡ್ರೋಕ್ಲೋರಿಕ್ ಆಮ್ಲ ಖಾರವೇ ಸರಿ, ಆದರೂ ಅದು ತೆಳು, ಜೊತೆಗೆ ದೇಹದ ಬಿಸಿ 37 ಡಿಗ್ರಿ ಮಾತ್ರ. ಅಲ್ಲಿ ಬಿಡುಗಡೆಯಾಗುವುದು ಗಣನೆಗೆ ಬಾರದಷ್ಟು.

ಬಿಸಿಲಿನ ವಿಷಯ ಬೇರೆ. ನೀರಿನಲ್ಲಿ ಕರಗಿದ ಫೆರೋಸಯನೈಡ್ ಮೇಲೆ ಅತಿನೇರಳೆ ಕಿರಣ ಬಹಳ ಹೊತ್ತು ಬಿದ್ದರೆ ನಿಧಾನವಾಗಿ ಸಯನೈಡ್ ಬಿಡಿಸಿಕೊಳ್ಳುತ್ತದೆ. ಚಳಿ ದೇಶಗಳಲ್ಲಿ ರಸ್ತೆಯ ಹಿಮ ಕರಗಿಸಲು ಟನ್ನುಗಟ್ಟಲೆ ಉಪ್ಪು ಸುರಿಯುತ್ತಾರೆ, ಅದರಲ್ಲೂ ಇದೇ ಫೆರೋಸಯನೈಡ್ ಇರುತ್ತದೆ. ಅದು ಹೊಳೆಗಳಿಗೆ ಹರಿದು ಮೀನುಗಳಿಗೆ ತೊಂದರೆಯಾದೀತೇ ಎಂದು ಪರಿಸರ ವಿಜ್ಞಾನಿಗಳು ಗಮನಿಸುತ್ತಾರೆ. ಅಡುಗೆಮನೆಯ ಡಬ್ಬಿಯಲ್ಲಿ ಆ ಪ್ರಮಾಣವೂ ಇಲ್ಲ, ಬಿಸಿಲೂ ಇಲ್ಲ.

ಹೆದರಬೇಕಾದ ಕಡೆ ಹೆದರುತ್ತಿಲ್ಲ

ಬಂಧ ಸಡಿಲವಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಮರಗೆಣಸು ಒಳ್ಳೆಯ ಉದಾಹರಣೆ. ಇದರಲ್ಲಿ ಸಯನೈಡ್ ಜೋಡಿ ಸಕ್ಕರೆಯ ಅಂಶವಿರುವ ಒಂದು ಅಣುವಿನ ಭಾಗವಾಗಿರುತ್ತದೆ. ಗೆಡ್ಡೆಯಲ್ಲೇ ಈ ಬಂಧವನ್ನು ಬಿಡಿಸುವ ಕಿಣ್ವವೂ ಇದೆ, ಆದರೆ ಬೇರೆ ಕೋಣೆಯಲ್ಲಿ. ಗೆಡ್ಡೆಯನ್ನು ಹೆಚ್ಚಿದಾಗ, ಜಜ್ಜಿದಾಗ, ಜಗಿದಾಗ ಎರಡೂ ಸೇರುತ್ತವೆ, ಹೈಡ್ರೋಜನ್ ಸಯನೈಡ್ ಹೊರಬರುತ್ತದೆ. ಅದು 26 ಡಿಗ್ರಿಗೇ ಕುದಿಯುವ ವಸ್ತು. ಆದ್ದರಿಂದ ಸಿಪ್ಪೆ ತೆಗೆದು, ಹೆಚ್ಚಿ, ನೀರಿನಲ್ಲಿ ನೆನೆಸಿ, ಮುಚ್ಚಳ ತೆರೆದಿಟ್ಟು ಬೇಯಿಸಿ, ಆ ನೀರು ಚೆಲ್ಲಿದರೆ ಹೊರಟುಹೋಗುತ್ತದೆ. ನಮ್ಮ ಹಿರಿಯರು ಮರಗೆಣಸಿನ ಬೇಯಿಸಿದ ನೀರು ಚೆಲ್ಲುತ್ತಿದ್ದದ್ದು ಸುಮ್ಮನೆ ಅಲ್ಲ. ಹಸಿ ಮರಗೆಣಸನ್ನು, ಅದರಲ್ಲೂ ಕಹಿ ಇರುವುದನ್ನು, ಮಕ್ಕಳಿಗೆ ಕೊಡಬೇಡಿ.

ಇದಕ್ಕಿಂತ ಅಪಾಯದ್ದು ಇನ್ನೊಂದು ಫಾರ್ವರ್ಡ್. "ವಿಟಮಿನ್ ಬಿ17 ಕ್ಯಾನ್ಸರ್ ಗುಣಪಡಿಸುತ್ತದೆ, ಏಪ್ರಿಕಾಟ್ ಬೀಜದ ತಿರುಳು ತಿನ್ನಿ" ಎನ್ನುವುದು. ಬಿ17 ಎಂಬ ವಿಟಮಿನ್ ಇಲ್ಲವೇ ಇಲ್ಲ. ಅದು ಅಮಿಗ್ಡಲಿನ್ ಎಂಬ ವಸ್ತುವಿಗೆ ಮಾರಾಟಕ್ಕಾಗಿ ಇಟ್ಟ ಹೆಸರು. ಮರಗೆಣಸಿನ ಹಾಗೆಯೇ ಇದರಲ್ಲೂ ಸಯನೈಡ್ ಸಡಿಲ ಬಂಧದಲ್ಲಿದೆ, ಕರುಳಿನ ಬ್ಯಾಕ್ಟೀರಿಯಾಗಳೇ ಅದನ್ನು ಬಿಡಿಸಿಬಿಡುತ್ತವೆ. ಕಹಿ ತಿರುಳು ತಿಂದು ಸಯನೈಡ್ ವಿಷವೇರಿ ಆಸ್ಪತ್ರೆ ಸೇರಿದವರಿದ್ದಾರೆ. ಕ್ಯಾನ್ಸರ್ ಅಂತೂ ಗುಣವಾಗುವುದಿಲ್ಲ.

ಪಕ್ಕದಲ್ಲೇ ನಿಜವಾದ ವಿಟಮಿನ್ ಬಿ12 ಇಟ್ಟು ನೋಡಿ. ಔಷಧ ಅಂಗಡಿಯಲ್ಲಿ ಸಿಗುವ ಬಿ12 ಮಾತ್ರೆಯ ಒಂದು ರೂಪದ ಹೆಸರು ಸಯನೋಕೋಬಾಲಮಿನ್. ಹೆಸರಿನಲ್ಲೇ ಸಯನೈಡ್, ಅಣುವಿನಲ್ಲೂ ಸಯನೈಡ್, ಕೋಬಾಲ್ಟ್ ಲೋಹಕ್ಕೆ ಬಿಗಿಯಾಗಿ ಅಂಟಿಕೊಂಡದ್ದು, ಅದೂ ಮೈಕ್ರೋಗ್ರಾಂ ಲೆಕ್ಕದಲ್ಲಿ. ವೈದ್ಯರೇ ಬರೆದುಕೊಡುತ್ತಾರೆ. ಹೆಸರು ನೋಡಿ ಹೆದರುವವರು ಬಿ12 ಬಿಟ್ಟು ಬಿ17 ತಿನ್ನಬೇಕಾಗುತ್ತದೆ!

"ಒಂದೇ ಅಣುವಿನ ವ್ಯತ್ಯಾಸ" ಎಂಬ ಜಾತಿಯ ಸಂದೇಶಗಳೂ ಇದೇ ತರ್ಕದವು. ಮಾರ್ಗರಿನ್‌ಗೂ ಪ್ಲಾಸ್ಟಿಕ್‌ಗೂ ಒಂದೇ ಅಣು ವ್ಯತ್ಯಾಸ ಎನ್ನುವುದು ಅವುಗಳಲ್ಲಿ ಪ್ರಸಿದ್ಧ. ಆ ವಾಕ್ಯಕ್ಕೆ ರಸಾಯನಶಾಸ್ತ್ರದಲ್ಲಿ ಅರ್ಥವೇ ಇಲ್ಲ. ಮಾರ್ಗರಿನ್ ಎಂದರೆ ಕೊಬ್ಬು ಮತ್ತು ನೀರು, ಪ್ಲಾಸ್ಟಿಕ್ ಎಂದರೆ ಸಾವಿರಾರು ಕೊಂಡಿಗಳ ಸರಪಳಿ. ವ್ಯತ್ಯಾಸ ಚಿಕ್ಕದಾದರೆ ಗುಣವೂ ಹತ್ತಿರವಿರಬೇಕು ಎಂಬ ಊಹೆಯೇ ತಪ್ಪು. ನಿಜವಾಗಿಯೂ ಚಿಕ್ಕ ವ್ಯತ್ಯಾಸದ ಜೋಡಿ ಬೇಕೆಂದರೆ ಮದ್ಯದಲ್ಲಿರುವ ಎಥನಾಲ್ ಮತ್ತು ಕಳ್ಳಭಟ್ಟಿಗೆ ಬೆರಕೆಯಾಗುವ ಮೆಥನಾಲ್ ಇವೆ. ಎಥನಾಲ್‌ನಲ್ಲಿ ಎರಡು ಇಂಗಾಲ, ಮೆಥನಾಲ್‌ನಲ್ಲಿ ಒಂದು. ನೋಟ, ವಾಸನೆ, ಮತ್ತು ಹೆಚ್ಚುಕಡಿಮೆ ಒಂದೇ. ಮೆಥನಾಲ್ ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಕೆಡಿಸುತ್ತದೆ, ಪ್ರಾಣವನ್ನೂ ತೆಗೆಯುತ್ತದೆ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತದ್ದು ಹಿರಿಯರಿಗೆ ನೆನಪಿರಬಹುದು.

ಅಷ್ಟಕ್ಕೂ 536 ಏಕೆ ಹಾಕಬೇಕು?

ನ್ಯಾಯವಾದ ಪ್ರಶ್ನೆ. ಗಾಳಿಯ ತೇವಾಂಶ ಸುಮಾರು 75 ಶೇಕಡಾ ದಾಟಿದರೆ ಉಪ್ಪು ನೀರು ಹೀರತೊಡಗುತ್ತದೆ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಅದು ದಿನನಿತ್ಯದ ಮಾತು. ಹೀರಿದ ನೀರಿನಲ್ಲಿ ಹರಳಿನ ಮೈ ತುಸು ಕರಗುತ್ತದೆ, ಬಿಸಿಲು ಬಂದಾಗ ಒಣಗಿ ಪಕ್ಕದ ಹರಳಿಗೆ ಬೆಸೆದುಕೊಳ್ಳುತ್ತದೆ, ಉಪ್ಪು ಹೆಂಟೆಯಾಗುತ್ತದೆ. ಭರಣಿಯಲ್ಲಿ ನಾಲ್ಕು ಕಾಳು ಅಕ್ಕಿ ಹಾಕಿಡುವುದು ಇದಕ್ಕೇ.

ಫೆರೋಸಯನೈಡ್ ಮಾಡುವುದು ಬೇರೆ ಉಪಾಯ, ಮತ್ತು ಅದು ಬಹಳ ಸೊಗಸಾಗಿದೆ. ಉಪ್ಪಿನ ಹರಳಿನಲ್ಲಿ ಒಂದು ಸೋಡಿಯಂ ಸುತ್ತ ಆರು ಕ್ಲೋರೈಡ್ ಎಂದೆವಲ್ಲ. ಫೆರೋಸಯನೈಡ್‌ನಲ್ಲಿ ಒಂದು ಕಬ್ಬಿಣದ ಸುತ್ತ ಆರು ಸಯನೈಡ್, ಅದೇ ಆಕಾರ, ಹೆಚ್ಚುಕಡಿಮೆ ಅದೇ ಅಳತೆ. ಹಾಗಾಗಿ ಅದು ಹರಳಿನ ಮೇಲ್ಮೈಯಲ್ಲಿ ಸರಿಯಾಗಿ ಕೂರುತ್ತದೆ. ಆದರೆ ವಿದ್ಯುದಂಶದ ಲೆಕ್ಕ ಹೊಂದುವುದಿಲ್ಲ, ಒಂದು ವ್ಯತ್ಯಾಸ ಉಳಿದುಬಿಡುತ್ತದೆ. ಅದರ ಮೇಲೆ ಇನ್ನೊಂದು ಪದರ ಬೆಳೆಯಲು ಉಪ್ಪಿಗೆ ಆಗುವುದಿಲ್ಲ, ಹರಳು ಹರಳು ಬೆಸೆಯುವುದು ನಿಲ್ಲುತ್ತದೆ. ಮೈಯ ಮೇಲಷ್ಟೇ ಕೂರಬೇಕಾದ್ದರಿಂದಲೇ ಕಿಲೋಗೆ ಕೆಲವೇ ಮಿಲಿಗ್ರಾಂ ಸಾಕಾಗುವುದು.

ಹೆಂಟೆ ತಡೆಯಲು ಬೇರೆ ದಾರಿಗಳೂ ಇವೆ. ಕೆಲವು ಪ್ಯಾಕೆಟ್‌ಗಳಲ್ಲಿ ಸಿಲಿಕಾನ್ ಡೈಆಕ್ಸೈಡ್, ಅಂದರೆ 551 ಇರುತ್ತದೆ. 536 ಬೇಡವೇ ಬೇಡ ಎನ್ನುವವರು ಅದು ಇಲ್ಲದ ಪ್ಯಾಕೆಟ್ ಹುಡುಕಿ ಕೊಳ್ಳಬಹುದು, ನಮ್ಮ ತಕರಾರಿಲ್ಲ. ಗೋಕರ್ಣದ ಬಳಿಯ ಸಾಣಿಕಟ್ಟಾದಲ್ಲಿ ಸಮುದ್ರದ ನೀರು ಕಟ್ಟಿ ಬಿಸಿಲಿಗೆ ಬತ್ತಿಸಿ ತೆಗೆಯುವ ಉಪ್ಪು ಕರಾವಳಿಯ ಅನೇಕರಿಗೆ ಇಷ್ಟ, ಉಪ್ಪಿನಕಾಯಿಗೆ ಅದೇ ಬೇಕು ಎನ್ನುವವರಿದ್ದಾರೆ. ರುಚಿಗಾಗಿ ಬಳಸುವುದು ಬೇರೆ, ಹೆದರಿ ಓಡುವುದು ಬೇರೆ.

ಹೆದರಿ ಓಡಿದರೆ ಆಗುವ ನಷ್ಟ ಅಯೋಡಿನ್‌ನದು. ಫಾರ್ವರ್ಡ್ ಓದಿ ಸೈಂಧವ ಲವಣಕ್ಕೋ ಗುಲಾಬಿ ಉಪ್ಪಿಗೋ ಬದಲಾಯಿಸಿದ ಮನೆಗಳಲ್ಲಿ ಅಯೋಡಿನ್ ತಪ್ಪಿಹೋಗುತ್ತದೆ. ಗುಲಾಬಿ ಬಣ್ಣ ಕಬ್ಬಿಣದ ತುಕ್ಕಿನಂಥ ಅಂಶದಿಂದ ಬಂದದ್ದು, ಅದರಲ್ಲಿ ಸಹಜವಾಗಿರುವ ಅಯೋಡಿನ್ ಲೆಕ್ಕಕ್ಕಿಲ್ಲ. ಅಯೋಡಿನ್ ಕೊರತೆಯಾದರೆ ಥೈರಾಯ್ಡ್ ಗ್ರಂಥಿ ಊದಿ ಗಳಗಂಡವಾಗುತ್ತದೆ, ಅದು ಕಣ್ಣಿಗೆ ಕಾಣುವ ಭಾಗ. ಕಾಣದ ಭಾಗ ಗರ್ಭಿಣಿಯರದು: ಹೊಟ್ಟೆಯಲ್ಲಿರುವ ಮಗುವಿನ ಮಿದುಳಿನ ಬೆಳವಣಿಗೆ ಕುಂಠಿತವಾಗುತ್ತದೆ, ಆಮೇಲೆ ಅಯೋಡಿನ್ ಕೊಟ್ಟರೆ ಸರಿಹೋಗುವುದಿಲ್ಲ.

ಇದನ್ನು ನಮ್ಮ ದೇಶವೇ ಪರೀಕ್ಷಿಸಿ ತೋರಿಸಿದೆ. 1956ರಲ್ಲಿ ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಒಂದು ಅಧ್ಯಯನ ಶುರು ಮಾಡಿದರು. ಕಣಿವೆಯನ್ನು ಮೂರು ವಲಯ ಮಾಡಿ ಒಂದಕ್ಕೆ ಪೊಟ್ಯಾಸಿಯಂ ಅಯೋಡೈಡ್ ಬೆರೆಸಿದ ಉಪ್ಪು, ಒಂದಕ್ಕೆ ಪೊಟ್ಯಾಸಿಯಂ ಅಯೋಡೇಟ್ ಬೆರೆಸಿದ್ದು, ಇನ್ನೊಂದಕ್ಕೆ ಬರೀ ಉಪ್ಪು ಪೂರೈಸಿದರು. ಕೆಲವು ವರ್ಷಗಳಲ್ಲಿ ಅಯೋಡಿನ್ ಸಿಕ್ಕ ಎರಡೂ ವಲಯಗಳಲ್ಲಿ ಗಳಗಂಡ ಗಣನೀಯವಾಗಿ ಇಳಿಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು.

ಇಲ್ಲಿಯೂ ಆಯ್ಕೆ ಮಾಡಿದ್ದು ಬಂಧವೇ. ಅಯೋಡೈಡ್ ನಮ್ಮ ಸೆಕೆ ಮತ್ತು ತೇವದ ಹವೆಯಲ್ಲಿ ಗಾಳಿಯ ಆಮ್ಲಜನಕದೊಡನೆ ವರ್ತಿಸಿ ಅಯೋಡಿನ್ ಆಗಿ ಹಾರಿಹೋಗುತ್ತದೆ. ಅಯೋಡೇಟ್‌ನಲ್ಲಿ ಅಯೋಡಿನ್ ಮೂರು ಆಮ್ಲಜನಕಗಳೊಡನೆ ಸಹವೇಲೆನ್ಸೀಯ ಬಂಧದಲ್ಲಿದೆ, ಅಷ್ಟು ಸುಲಭಕ್ಕೆ ಬಿಟ್ಟುಹೋಗುವುದಿಲ್ಲ. ಆದ್ದರಿಂದ ಭಾರತದ ಉಪ್ಪಿಗೆ ಅಯೋಡೇಟ್ ಬೆರೆಸುತ್ತಾರೆ. ಗ್ರಾಹಕರ ಕೈಸೇರುವಾಗ ಕಿಲೋಗೆ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಇರಬೇಕು. 10 ಗ್ರಾಂ ಉಪ್ಪಿಗೆ 150 ಮೈಕ್ರೋಗ್ರಾಂ ಆಯಿತು, ವಯಸ್ಕರಿಗೆ ದಿನಕ್ಕೆ ಬೇಕಾದಷ್ಟೇ. ಗರ್ಭಿಣಿಯರಿಗೆ 250 ಬೇಕು. ಉಪ್ಪು ಕಡಿಮೆ ತಿನ್ನಬೇಕಾದ ಗರ್ಭಿಣಿಯರು ಈ ವಿಷಯವನ್ನು ವೈದ್ಯರ ಹತ್ತಿರ ಕೇಳಿಕೊಳ್ಳುವುದು ಒಳ್ಳೆಯದು.

ರಕ್ತದೊತ್ತಡಕ್ಕೆಂದು ಮಾರುವ ಕಡಿಮೆ ಸೋಡಿಯಂ ಉಪ್ಪಿನ ಬಗ್ಗೆಯೂ ಪ್ರಶ್ನೆಗಳು ಬರುತ್ತವೆ. ಅದರಲ್ಲಿ ಸೋಡಿಯಂನ ಒಂದು ಪಾಲಿನ ಬದಲು ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಬಂಧ ಅದೇ ಅಯಾನಿಕ, ನೋಟವೂ ಅದೇ, ರುಚಿ ಸ್ವಲ್ಪ ಕಹಿ. ಹಲವರಿಗೆ ಒಳ್ಳೆಯದೇ. ಆದರೆ ಮೂತ್ರಪಿಂಡದ ತೊಂದರೆ ಇರುವವರಲ್ಲಿ ಪೊಟ್ಯಾಸಿಯಂ ಹೊರಹೋಗದೆ ರಕ್ತದಲ್ಲಿ ಏರಿದರೆ ಹೃದಯಬಡಿತ ಏರುಪೇರಾಗುತ್ತದೆ. ಅಂಥವರು, ಮತ್ತು ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರು, ವೈದ್ಯರನ್ನು ಕೇಳದೆ ಬದಲಾಯಿಸಬಾರದು.

ಹರಳುಪ್ಪು ಬಳಸುವವರು ಅಯೋಡಿನ್ ಯುಕ್ತ ಎಂದು ಬರೆದದ್ದನ್ನೇ ಕೊಂಡು, ತೊಳೆಯದೆ ಬಳಸಿ. ಹರಳುಪ್ಪಿಗೆ ಅಯೋಡೇಟನ್ನು ಮೇಲಿನಿಂದ ಸಿಂಪಡಿಸಿರುತ್ತಾರೆ, ತೊಳೆದರೆ ನೀರಿನೊಡನೆ ಅದೇ ಮೊದಲು ಹೋಗುವುದು. ಡಬ್ಬಿಗೆ ಮುಚ್ಚಳ ಬಿಗಿಯಾಗಿರಲಿ, ಒಲೆಯ ಪಕ್ಕದಿಂದ ದೂರವಿರಲಿ, ಒದ್ದೆ ಚಮಚ ಹಾಕಬೇಡಿ. ಸಾರಿಗೆ ಉಪ್ಪನ್ನು ಇಳಿಸುವ ಹೊತ್ತಿಗೆ ಹಾಕಿದರೆ ಇನ್ನೂ ಒಳ್ಳೆಯದು.